ಒಟಿಪಿ ಬಾಗಿಲಲ್ಲಿ ನಿಂತವರು: ಸಾರ್ವಜನಿಕ ವೈಫೈನ ಎರಡು ದಶಕ

ಸಾರ್ವಜನಿಕ ವೈಫೈ ಮುಗಿದ ಕಥೆ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಜಿಯೋ ಬಂತು, ಡೇಟಾ ಅಗ್ಗವಾಯಿತು, 5ಜಿಯೂ ಬಂತು, ಇನ್ನು ಬಸ್ ನಿಲ್ದಾಣದ ವೈಫೈ ಯಾರಿಗೆ ಬೇಕು ಎಂದು ರಾಜಧಾನಿಯ ಸಭೆಗಳಲ್ಲಿ ಕೇಳುತ್ತಾರೆ. ಹೀಗೆ ಕೇಳುವವರು ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಬಸ್ ನಿಲ್ದಾಣಗಳಲ್ಲಿ ಅರ್ಧ ದಿನ ಕೂತು ನೋಡಬೇಕು. 150ಎ ರಾಷ್ಟ್ರೀಯ ಹೆದ್ದಾರಿಯ ಮೇಲೆ ಸಾಲಾಗಿ ಸಿಗುವ ಈ ಮೂರು ಊರುಗಳಲ್ಲಿ ಪ್ಯಾಕ್ ಮುಗಿದು ರೀಚಾರ್ಜಿಗೆ ಹಿಂದೆಮುಂದೆ ನೋಡುವವರು, ವಿದ್ಯಾರ್ಥಿವೇತನದ ಅರ್ಜಿ ತುಂಬಲು ಬಂದವರು, ಪಹಣಿ ನೋಡಬೇಕಾದ ರೈತರು ದಿನವೂ ಸಿಗುತ್ತಾರೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳೆಲ್ಲ ದರ ಏರಿಸಿದವು. ಅದೇ ವರ್ಷದ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್, ಡೇಟಾ ಬೇಡದವರಿಗೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕೆಂದು ಕಂಪನಿಗಳಿಗೆ ಹೇಳಿತು. ಕರೆಗಷ್ಟೇ ರೀಚಾರ್ಜ್ ಮಾಡಿಸುವ ಜನ ದೇಶದಲ್ಲಿ ಇನ್ನೂ ದೊಡ್ಡ ಸಂಖ್ಯೆಯಲ್ಲಿದ್ದಾರೆ ಎಂಬುದನ್ನು ನಿಯಂತ್ರಣ ಸಂಸ್ಥೆಯೇ ಒಪ್ಪಿದಂತಾಯಿತು. ಅವರಿಗೂ ವಾರಕ್ಕೊಮ್ಮೆಯಾದರೂ ನೆಟ್ ಬೇಕಾಗುತ್ತದೆ.

ಈ ಕ್ಷೇತ್ರದ ಇತಿಹಾಸವನ್ನು ವೇಗದ ಲೆಕ್ಕದಲ್ಲಿ ಬರೆಯುವುದು ರೂಢಿ. ಇಷ್ಟು ವರ್ಷ ಈ ಕೆಲಸದಲ್ಲಿದ್ದು ನಾನು ಕಂಡದ್ದು ಬೇರೆ. ಸಿಗ್ನಲ್ ಕೊಡುವ ಸಮಸ್ಯೆ ಬಹಳ ಹಿಂದೆಯೇ ಬಗೆಹರಿದಿತ್ತು. ಬಂದವರನ್ನು ಒಳಗೆ ಬಿಟ್ಟುಕೊಳ್ಳುವುದು ಹೇಗೆ ಎಂಬುದು ಮಾತ್ರ ಇವತ್ತಿಗೂ ಬಗೆಹರಿದಿಲ್ಲ. ಈ ಲೇಖನ ಆ ಎರಡನೆಯ ಪ್ರಶ್ನೆಯ ಚರಿತ್ರೆ.

ಲಾಗಿನ್ ಪುಟ ಹುಟ್ಟಿದ ಬಗೆ

ಮೊದಲ ಘಟ್ಟವನ್ನು ಬೇಗ ದಾಟಬಹುದು. 802.11 ಮಾನದಂಡ ಬಂದದ್ದು 1997ರಲ್ಲಿ, ವೈಫೈ ಎಂಬ ಹೆಸರು 1999ರಲ್ಲಿ. 2.4 ಗಿಗಾಹರ್ಟ್ಸ್ ತರಂಗಾಂತರವನ್ನು ಲೈಸೆನ್ಸ್ ಇಲ್ಲದೆ ಬಳಸಲು ಭಾರತ ಸರ್ಕಾರ 2005ರ ಜನವರಿಯಲ್ಲಿ ದಾರಿ ಮಾಡಿಕೊಟ್ಟಿತು. ಆಗ ವೈಫೈ ಎಂದರೆ ವಿಮಾನ ನಿಲ್ದಾಣ, ದೊಡ್ಡ ಹೋಟೆಲು, ಲ್ಯಾಪ್‌ಟಾಪ್ ಇದ್ದವರ ಸವಲತ್ತು. ಕ್ಯಾಪ್ಟಿವ್ ಪೋರ್ಟಲ್ ಎಂದು ಕರೆಯುವ ಲಾಗಿನ್ ಪುಟ ಬೆಳೆದದ್ದು ಅಂಥವರಿಗಾಗಿಯೇ.

ಅದರ ಕೆಲಸ ಹೀಗಿದೆ. ಫೋನು ವೈಫೈಗೆ ಸೇರಿದ ಕೂಡಲೇ ಒಂದು ಗೊತ್ತಾದ ವಿಳಾಸವನ್ನು ತಾನೇ ಸಂಪರ್ಕಿಸಿ ನೋಡುತ್ತದೆ. ಬರಬೇಕಾದ ಉತ್ತರ ಬಂದರೆ ನೆಟ್ ಇದೆ ಎಂದು ತಿಳಿಯುತ್ತದೆ. ಬೇರೇನೋ ಬಂದರೆ 'ಸೈನ್ ಇನ್' ಮಾಡಿ ಎಂಬ ಸೂಚನೆ ತೋರಿಸುತ್ತದೆ. ಈ ಸೂಚನೆ ಕಣ್ತಪ್ಪಿತೋ, ಬಳಕೆದಾರನ ಪಾಲಿಗೆ ಅಲ್ಲಿ ವೈಫೈ ಇದ್ದೂ ಇಲ್ಲದಂತೆ. ಬ್ರೌಸರ್ ತೆರೆದು ಯಾವುದಾದರೂ ವಿಳಾಸ ಹೊಡೆದರೆ ಲಾಗಿನ್ ಪುಟ ಬರುತ್ತಿದ್ದ ಕಾಲವೊಂದಿತ್ತು. ಜಾಲತಾಣಗಳೆಲ್ಲ ಎಚ್‌ಟಿಟಿಪಿಎಸ್‌ಗೆ ಹೋದ ಮೇಲೆ ಆ ಜಾಗದಲ್ಲಿ ಎಚ್ಚರಿಕೆಯ ಪುಟ ಬರುತ್ತದೆ. ಹಳ್ಳಿಯಿಂದ ಬಂದವರು ಅದನ್ನು ಕಂಡು ಹೆದರಿ ಫೋನು ಜೇಬಿಗಿಡುತ್ತಾರೆ.

ಭಾರತದಲ್ಲಿ ಈ ಬಾಗಿಲಿಗೆ ಇನ್ನೊಂದು ಚಿಲಕ ಬಿದ್ದದ್ದು 2009ರಲ್ಲಿ. ಹಿಂದಿನ ವರ್ಷ ಅಹಮದಾಬಾದ್ ಸ್ಫೋಟದ ಹೊತ್ತಿನಲ್ಲಿ ನವಿ ಮುಂಬೈನ ಒಂದು ಮನೆಯ ವೈಫೈ ಮೂಲಕ ಭಯೋತ್ಪಾದಕರ ಇಮೇಲ್ ಹೋಗಿತ್ತು. ಆ ಬಳಿಕ, 2009ರ ಫೆಬ್ರುವರಿಯಲ್ಲಿ, ಸಾರ್ವಜನಿಕ ವೈಫೈ ಬಳಸುವವರ ಗುರುತು ದಾಖಲಾಗಲೇಬೇಕೆಂದು ದೂರಸಂಪರ್ಕ ಇಲಾಖೆ ಆದೇಶಿಸಿತು. ಆದೇಶದಲ್ಲಿ ಎರಡು ದಾರಿಗಳಿದ್ದವು. ಫೋಟೋ ಇರುವ ಗುರುತಿನ ಚೀಟಿಯ ಪ್ರತಿ ಪಡೆದು ಇಟ್ಟುಕೊಳ್ಳುವುದು ಒಂದು, ಮೊಬೈಲಿಗೆ ಎಸ್‌ಎಂಎಸ್ ಮೂಲಕ ಪಾಸ್‌ವರ್ಡ್ ಕಳಿಸುವುದು ಇನ್ನೊಂದು. ಕಂಪನಿಗಳು ಎರಡನೆಯದನ್ನು ಹಿಡಿದವು, ಮೊದಲನೆಯದು ಮರೆತೇಹೋಯಿತು.

ಎಂ.ಜಿ. ರಸ್ತೆಯಿಂದ ರೈಲು ನಿಲ್ದಾಣಕ್ಕೆ

2014ರ ಜನವರಿಯಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ ಮುಂತಾದೆಡೆ 'ನಮ್ಮ ವೈಫೈ' ಶುರುವಾಯಿತು. ಪತ್ರಿಕೆಗಳು ಸಾಕಷ್ಟು ಬರೆದವು. ಅದರಿಂದ ಕ್ಷೇತ್ರಕ್ಕೆ ಉಳಿದ ಪಾಠ ಹೆಚ್ಚೇನಿಲ್ಲ.

ಪಾಠ ಸಿಕ್ಕಿದ್ದು ರೈಲು ನಿಲ್ದಾಣಗಳಲ್ಲಿ. ರೈಲ್ವೆಯ ದೂರಸಂಪರ್ಕ ಸಂಸ್ಥೆ ರೈಲ್‌ಟೆಲ್ ಮತ್ತು ಗೂಗಲ್ ಸೇರಿ 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಿಂದ ಆರಂಭಿಸಿ 2018ರ ಜೂನ್ ಹೊತ್ತಿಗೆ 400 ನಿಲ್ದಾಣ ಮುಟ್ಟಿದವು. ಒಂದು ಮೊಬೈಲ್ ನಂಬರ್, ಒಂದು ಒಟಿಪಿ, ಕೂಡಲೇ ನೆಟ್. ಅಲ್ಲಿ ಅದು ಓಡಿತು, ಏಕೆಂದರೆ ಪ್ರಯಾಣಿಕನಿಗೆ ಕಾಯುವ ಸಮಯವಿತ್ತು, ಎಲ್ಲ ನಿಲ್ದಾಣಗಳಲ್ಲೂ ಹೆಸರು ಒಂದೇ ಇತ್ತು, ಒಮ್ಮೆ ಕಲಿತದ್ದು ಮುಂದಿನ ಊರಲ್ಲೂ ಉಪಯೋಗಕ್ಕೆ ಬರುತ್ತಿತ್ತು. ಮೊಬೈಲ್ ಡೇಟಾ ಅಗ್ಗವಾಗಿದೆ ಎಂಬ ಕಾರಣ ಕೊಟ್ಟು 2020ರ ಫೆಬ್ರುವರಿಯಲ್ಲಿ ಗೂಗಲ್ ಹಿಂದೆ ಸರಿಯಿತು. ಮುಗಿದ ಕಥೆ ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ. ಆದರೆ ರೈಲ್‌ಟೆಲ್ ಕೆಲಸ ನಿಲ್ಲಿಸಲಿಲ್ಲ. 2021ರ ಮೇ ತಿಂಗಳಿಗೆ 6000 ನಿಲ್ದಾಣ ಮುಟ್ಟಿತು, ದಿನಕ್ಕೆ ಮೊದಲ 30 ನಿಮಿಷ ಉಚಿತವಾಗಿಯೇ ಉಳಿಯಿತು. ಒಂದು ಕಂಪನಿ ಹೋದದ್ದನ್ನು ಒಂದು ಅಗತ್ಯ ಮುಗಿದದ್ದೆಂದು ಓದಿದವರು ಈ ಲೆಕ್ಕವನ್ನು ನೋಡಲಿಲ್ಲ.

ನಮ್ಮ ಭಾಗಕ್ಕೆ ಆ ಅಲೆ ಬರಲೇ ಇಲ್ಲ. ಸಿಂಧನೂರಿಗೆ ರೈಲು ಬಂದದ್ದೇ 2024ರಲ್ಲಿ. ಲಿಂಗಸುಗೂರು ಗದಗ–ವಾಡಿ ಮಾರ್ಗಕ್ಕಾಗಿ ಕಾಯುತ್ತಿದೆ. ರೈಲು ನಿಲ್ದಾಣವನ್ನು ನಂಬಿ ಕಟ್ಟಿದ ಯೋಜನೆಗೆ ಬಸ್ ನಿಲ್ದಾಣವೇ ಊರಿನ ಹೆಬ್ಬಾಗಿಲಾಗಿರುವ ತಾಲ್ಲೂಕುಗಳು ಕಾಣಲಿಲ್ಲ.

ಭಾರತ್‌ನೆಟ್ ಬಂತಲ್ಲ ಎನ್ನಬಹುದು. 2011ರಲ್ಲಿ ಒಪ್ಪಿಗೆ ಪಡೆದ ಈ ಯೋಜನೆಯ ಮೊದಲ ಹಂತದಲ್ಲಿ 2017ರ ಡಿಸೆಂಬರ್ ವೇಳೆಗೆ ದೇಶದ ಒಂದು ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿತು, ಕರ್ನಾಟಕ ಆ ಹಂತದಲ್ಲೇ ಇತ್ತು. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಗೊತ್ತು, ಜಲಾಶಯದಿಂದ ಬಿಟ್ಟ ನೀರೆಲ್ಲ ಗದ್ದೆಗೆ ಬಂದ ನೀರಲ್ಲ. ಪಂಚಾಯಿತಿಯ ಬೀರುವಿನ ಪಕ್ಕ ಮಿನುಗುವ ಫೈಬರ್ ಪೆಟ್ಟಿಗೆಯಿಂದ ಕಟ್ಟೆಯ ಮೇಲೆ ಕೂತವರ ಫೋನಿನವರೆಗಿನ ದೂರಕ್ಕೆ ಹೊಣೆ ಯಾರು ಎಂಬುದು ಯಾವ ಹಂತದಲ್ಲೂ ತೀರ್ಮಾನವಾಗಲಿಲ್ಲ.

ಬೂತ್ ಕಲಿಸಿದ್ದು

ನನ್ನ ಪೀಳಿಗೆಯವರು ಈ ಕ್ಷೇತ್ರಕ್ಕೆ ಬಂದದ್ದು ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳಿಂದ. ನಮ್ಮ ವಿಚಾರಧಾರೆಗೆ ಬೇರು ಅಲ್ಲಿದೆ. 1984ರಲ್ಲಿ ಸ್ಥಾಪನೆಯಾದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಮೊದಲು ಕೆಲಸ ಶುರುಮಾಡಿದ್ದು 1986ರಲ್ಲಿ, ನಮ್ಮದೇ ಕಿತ್ತೂರಿನಲ್ಲಿ. ಎಸಿ ಇಲ್ಲದೆ, ಬಿಸಿಲು ಧೂಳಿನಲ್ಲಿ ಓಡುವಂತೆ ಅದನ್ನು ಮಾಡಿದ್ದರು. ಅದರ ಬೆನ್ನಿಗೆ ಬೂತ್‌ಗಳು ಹರಡಿದವು. ಫೋನ್ ಹಚ್ಚಲು ಬಾರದವರಿಗೆ ಬೂತಿನವನೇ ಹಚ್ಚಿಕೊಡುತ್ತಿದ್ದ, ಮಾತಾಡಿದಷ್ಟಕ್ಕೆ ದುಡ್ಡು ಕೊಟ್ಟು ಹೋಗುತ್ತಿದ್ದರು. ಮುಂದೆ ಸೈಬರ್ ಕೆಫೆಗಳಲ್ಲೂ ಅದೇ ನಡೆಯಿತು. 2011ರ ನಿಯಮಗಳ ಪ್ರಕಾರ ಕೆಫೆಯವರು ಗುರುತಿನ ಚೀಟಿ ನೋಡಿ ಹೆಸರು ದಾಖಲಿಸುತ್ತಿದ್ದರು, ಅರ್ಜಿಯನ್ನೂ ತುಂಬಿಕೊಡುತ್ತಿದ್ದರು.

ಈ ಅನುಭವವನ್ನು ವೈಫೈಗೆ ತಂದ ಶ್ರೇಯಸ್ಸು ಆರ್.ಎಸ್. ಶರ್ಮಾ ಅಧ್ಯಕ್ಷರಾಗಿದ್ದಾಗಿನ ಟ್ರಾಯ್‌ಗೆ ಸಲ್ಲಬೇಕು. 2016ರಲ್ಲಿ ಚರ್ಚೆ ಶುರುಮಾಡಿ 2017ರ ಮಾರ್ಚ್‌ನಲ್ಲಿ ಅದು ಶಿಫಾರಸು ಕೊಟ್ಟಿತು. ಆಗ ಇಡೀ ದೇಶದಲ್ಲಿದ್ದ ಸಾರ್ವಜನಿಕ ಹಾಟ್‌ಸ್ಪಾಟ್‌ಗಳು 31,000ಕ್ಕಿಂತ ತುಸು ಹೆಚ್ಚು, ಅಷ್ಟೆ. ಶಿಫಾರಸಿನಲ್ಲಿದ್ದದ್ದು ಇದು: ಫೋನ್ ಬೂತ್‌ಗಳ ಪಿಸಿಒ ಇದ್ದಂತೆ ಪಿಡಿಒ, ಅಂದರೆ ಸಾರ್ವಜನಿಕ ಡೇಟಾ ಕಚೇರಿ. ಎರಡು ರೂಪಾಯಿಯಿಂದ ಶುರುವಾಗುವ ಸಣ್ಣ ಪ್ಯಾಕ್. 2020ರ ಡಿಸೆಂಬರ್ 9ರಂದು ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯ ತಿರುಳು ಇದೇ.

ಇದರ ರಚನೆ ಸರಳ. ಕಿರಾಣಿ ಅಂಗಡಿ, ಚಹಾ ಹೋಟೆಲು, ಝೆರಾಕ್ಸ್ ಅಂಗಡಿ, ಯಾರು ಬೇಕಾದರೂ ಹಾಟ್‌ಸ್ಪಾಟ್ ಇಡಬಹುದು. ಅದಕ್ಕೆ ಲೈಸೆನ್ಸ್ ಬೇಡ, ನೋಂದಣಿ ಬೇಡ, ಶುಲ್ಕವಿಲ್ಲ. ಹಲವು ಅಂಗಡಿಗಳ ಲೆಕ್ಕಪತ್ರ ಮತ್ತು ದೃಢೀಕರಣ ನೋಡಿಕೊಳ್ಳುವ ಅಗ್ರಿಗೇಟರ್ ಒಬ್ಬ, ಬಳಕೆದಾರನ ಕೈಯಲ್ಲಿರುವ ಆ್ಯಪ್ ಒಂದು, ಎಲ್ಲವನ್ನೂ ಜೋಡಿಸುವ ಕೇಂದ್ರ ದಾಖಲೆ ಒಂದು. ಆ ದಾಖಲೆಯನ್ನು ನಡೆಸುತ್ತಿರುವುದು ಅದೇ ಸಿ-ಡಾಟ್. ಗುರುತು ಒಮ್ಮೆ ಸಾಬೀತಾದರೆ ಸಾಕು, ಮುಂದೆ ಯಾರ ಅಂಗಡಿಯ ವೈಫೈಯಾದರೂ ಆ ಆ್ಯಪ್‌ನಿಂದಲೇ ತೆರೆಯಬೇಕು. ಸಿಂಧನೂರಿನಲ್ಲಿ ನೋಂದಾಯಿಸಿದವನಿಗೆ ಹಟ್ಟಿಯಲ್ಲೂ ಮುದಗಲ್ಲಿನಲ್ಲೂ ಮತ್ತೆ ಒಟಿಪಿ ಬೇಡ. ಇಷ್ಟು ನ್ಯಾಯವಾದ ವಿನ್ಯಾಸವನ್ನು ನಮ್ಮ ದೂರಸಂಪರ್ಕ ಚರಿತ್ರೆಯಲ್ಲಿ ಇನ್ನೊಂದು ಕಡೆ ನಾನು ಕಂಡಿಲ್ಲ.

ಹಾಗಾದರೆ ಅದೇಕೆ ಹಬ್ಬಲಿಲ್ಲ? 2018ರ ರಾಷ್ಟ್ರೀಯ ನೀತಿ 2022ಕ್ಕೆ ಒಂದು ಕೋಟಿ ಹಾಟ್‌ಸ್ಪಾಟ್ ಎಂದಿತ್ತು, 2025ರಲ್ಲೂ ಪಿಎಂ-ವಾಣಿ ಲೆಕ್ಕ ಕೆಲವು ಲಕ್ಷದಲ್ಲೇ ಇತ್ತು. ಮುಖ್ಯ ಕಾರಣ ಹಣದ್ದು. ಸಣ್ಣ ಅಂಗಡಿಯವನಿಗೂ ದುಬಾರಿ ಲೀಸ್ಡ್ ಲೈನ್ ತೆಗೆದುಕೊಳ್ಳಬೇಕೆಂಬ ಒತ್ತಡವಿತ್ತು. 2024ರ ಸೆಪ್ಟೆಂಬರಿನಲ್ಲಿ ಮಾರ್ಗಸೂಚಿ ತಿದ್ದಿ, ಇಂಟರ್ನೆಟ್ ಕೊಡುವ ಕಂಪನಿಯೊಂದಿಗೆ ವಾಣಿಜ್ಯ ಒಪ್ಪಂದ ಬೇಕೆಂಬ ಷರತ್ತನ್ನು ಕೈಬಿಡಲಾಯಿತು. 2025ರ ಜೂನ್‌ನಲ್ಲಿ ಟ್ರಾಯ್, 200 ಎಂಬಿಪಿಎಸ್‌ವರೆಗಿನ ಮನೆಬಳಕೆಯ ಫೈಬರ್ ಪ್ಲಾನ್‌ಗಳನ್ನು ಪಿಡಿಒಗಳಿಗೂ ಕೊಡಬೇಕು, ದರ ಮನೆಯ ದರದ ಎರಡು ಪಟ್ಟು ಮೀರಬಾರದು ಎಂದಿತು. ಏಳೆಂಟು ವರ್ಷ ತಡವಾಗಿ ಬಂದ ನ್ಯಾಯ ಇದು. ಆ ವರ್ಷಗಳಲ್ಲಿ ಕೈಬಿಟ್ಟುಹೋದ ಅಂಗಡಿಯವರು ಮತ್ತೆ ಬರಲು ಯಾರಾದರೂ ಹೋಗಿ ಕೇಳಬೇಕಾಗುತ್ತದೆ.

ಈ ವಿನ್ಯಾಸದ ನಿಜವಾದ ಬಲ ಆ್ಯಪ್‌ಗಿಂತ ಅಂಗಡಿಯವನಲ್ಲಿದೆ. ಸಿಂಧನೂರು ಬಸ್ ನಿಲ್ದಾಣದ ಹತ್ತಿರದ ಒಂದು ಮೊಬೈಲ್ ಅಂಗಡಿಯಲ್ಲಿ ತುರ್ವಿಹಾಳದ ಕಡೆಯ ರೈತರೊಬ್ಬರು ಫೋನು ಮುಂದೆ ಹಿಡಿದು, "ಅಣ್ಣಾರ, ನೆಟ್ ಹತ್ತವಲ್ದು, ನೀವೇ ಹಚ್ಚಿಕೊಡ್ರಿ" ಅಂದರು. ಅಂಗಡಿಯವನು ಫೋನು ಕಸಿದುಕೊಳ್ಳಲಿಲ್ಲ. "ಮ್ಯಾಲಿಂದ ಕೆಳಗ ಎಳೀರಿ. ಸೈನ್ ಇನ್ ಅಂತ ಬಂದದ ನೋಡ್ರಿ, ಅದನ್ನ ಒತ್ರಿ. ಈಗ ನಿಮ್ಮ ನಂಬರ್ ಹೊಡೀರಿ" ಎಂದು ಅವರ ಬೆರಳಿನಿಂದಲೇ ಮಾಡಿಸಿದ. ಮುಂದಿನ ಸಲ ಅವರಿಗೆ ಯಾರೂ ಬೇಕಿಲ್ಲ. ಯಾವ ಮಾನದಂಡದ ಪುಸ್ತಕದಲ್ಲೂ ಈ ಅರ್ಧ ನಿಮಿಷದ ಪಾಠಕ್ಕೆ ಜಾಗವಿಲ್ಲ, ಅದಿಲ್ಲದೆ ಯಾವ ಮಾನದಂಡವೂ ನಮ್ಮಲ್ಲಿ ನಡೆಯುವುದಿಲ್ಲ.

ಬಟನ್ ಒತ್ತಬೇಕಿಲ್ಲದ ದಾರಿ

ಇನ್ನೊಂದು ವಿಚಾರಧಾರೆಯ ಗುರಿ ಲಾಗಿನ್ ಪುಟವನ್ನೇ ತೆಗೆದುಹಾಕುವುದು. ವೈಫೈ ಅಲಯನ್ಸ್ 2012ರಲ್ಲಿ ತಂದ ಪಾಸ್‌ಪಾಯಿಂಟ್‌ನಲ್ಲಿ ಫೋನಿನೊಳಗಿನ ಪ್ರೊಫೈಲ್ ಅಥವಾ ಸಿಮ್ ತಾನೇ ಗುರುತು ಹೇಳಿಕೊಂಡು ಒಳಗೆ ಹೋಗುತ್ತದೆ. ವಿಶ್ವವಿದ್ಯಾಲಯಗಳ ಎಡುರೋಮ್ ಇದೇ ಬಗೆಯಲ್ಲಿ ದೇಶದೇಶಗಳಲ್ಲಿ ಓಡುತ್ತಿದೆ. 2020ರಿಂದ ವೈರ್‌ಲೆಸ್ ಬ್ರಾಡ್‌ಬ್ಯಾಂಡ್ ಅಲಯನ್ಸ್ ನಡೆಸುತ್ತಿರುವ ಓಪನ್‌ರೋಮಿಂಗ್ ಅದನ್ನೇ ಎಲ್ಲರಿಗೂ ವಿಸ್ತರಿಸುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಇದು ಮೇಲು. ಪಾಸ್‌ವರ್ಡ್ ಇಲ್ಲದ ತೆರೆದ ವೈಫೈಯಲ್ಲಿ ಗಾಳಿಯಲ್ಲಿ ಹೋಗುವ ಮಾಹಿತಿಗೆ ಗೂಢಲಿಪಿಯ ರಕ್ಷಣೆಯಿಲ್ಲ, ಇಲ್ಲಿ ಇದೆ. ಆದರೆ ಆ ಪ್ರೊಫೈಲನ್ನು ಫೋನಿಗೆ ಹಾಕಿಕೊಡುವವರು ಯಾರು? ವಿಮಾನ ನಿಲ್ದಾಣದಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಮಸ್ಕಿಯಲ್ಲಿ ಏಳುತ್ತದೆ, ಅದಕ್ಕೆ ಉತ್ತರ ಮತ್ತೆ ಅಂಗಡಿಯವನೇ.

ಎರಡರ ನಡುವೆ ಕ್ಯೂಆರ್ ಇದೆ. 2017ರಿಂದ ಐಫೋನ್ ಕ್ಯಾಮೆರಾ, 2019ರ ಆಂಡ್ರಾಯ್ಡ್ 10ರಿಂದ ಉಳಿದ ಫೋನುಗಳು ವೈಫೈ ಕ್ಯೂಆರ್ ಓದುತ್ತವೆ. ಯುಪಿಐ ಬಂದ ಮೇಲೆ ಸಂತೆಯಲ್ಲಿ ತರಕಾರಿ ಮಾರುವವರಿಗೂ ಇದು ಅಭ್ಯಾಸವಾಗಿದೆ. ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದರೆ ಹೆಸರು ಹುಡುಕುವ, ಪಾಸ್‌ವರ್ಡ್ ಹೊಡೆಯುವ ತೊಂದರೆ ತಪ್ಪುತ್ತದೆ. ಗುರುತು ದಾಖಲಿಸುವ ಕೆಲಸ ಅದರಿಂದ ಆಗದು.

ಯಾರೂ ಎಣಿಸದವರು

ಇಷ್ಟು ದೂರ ಬಂದರೂ ಉಳಿದ ಕೊರತೆಗಳು ಚಿಕ್ಕವಲ್ಲ.

ಮೊದಲನೆಯದು ಸಿಮ್ ಇಲ್ಲದ ಫೋನು. ಮಸ್ಕಿಯಲ್ಲಿ ಕಾಲೇಜು ಹುಡುಗಿಯೊಬ್ಬಳು ಅಣ್ಣನ ಹಳೇ ಫೋನು ಹಿಡಿದು ವೈಫೈಗೆ ಸೇರಲು ನೋಡುತ್ತಿದ್ದಳು. ಅದರಲ್ಲಿ ಸಿಮ್ ಇರಲಿಲ್ಲ. ಅಪ್ಪನ ನಂಬರ್ ಕೊಟ್ಟಳು, ಒಟಿಪಿ ಅಪ್ಪನ ಫೋನಿಗೆ ಹೋಯಿತು, ಅಪ್ಪ ಭತ್ತದ ಲೋಡಿನ ಜೊತೆ ಸಿರುಗುಪ್ಪದಲ್ಲಿದ್ದ. ಮನೆಗೊಂದೇ ಸಿಮ್ ಇರುವ ಕಡೆ ಹೊರಗುಳಿಯುವವರು ಹೆಣ್ಣುಮಕ್ಕಳೇ. ಎರಡನೆಯದು ವ್ಯಾಲಿಡಿಟಿ. ರೀಚಾರ್ಜ್ ಅವಧಿ ಮುಗಿದು ಒಳಬರುವ ಎಸ್‌ಎಂಎಸ್ ಕೂಡ ನಿಂತವರಿಗೆ ಒಟಿಪಿ ಬರುವುದಿಲ್ಲ. ವೈಫೈ ಅತಿ ಹೆಚ್ಚು ಬೇಕಾದವರು ಅವರೇ. ಮೂರನೆಯದು, ಪಿಎಂ-ವಾಣಿ ಆ್ಯಪ್ ಇಳಿಸಿಕೊಳ್ಳಲು ಮೊದಲು ನೆಟ್ ಬೇಕು. ನಾಲ್ಕನೆಯದು, ಹೊಸ ಫೋನುಗಳು ಖಾಸಗಿತನಕ್ಕಾಗಿ ತಮ್ಮ ಮ್ಯಾಕ್ ವಿಳಾಸವನ್ನು ಬದಲಿಸಿ ತೋರಿಸುವುದರಿಂದ, ಆ ವಿಳಾಸ ನೋಡಿ ಹಳೇ ಗಿರಾಕಿಯನ್ನು ಗುರುತಿಸುತ್ತಿದ್ದ ವ್ಯವಸ್ಥೆಗಳು ಮತ್ತೆ ಲಾಗಿನ್ ಕೇಳುತ್ತವೆ.

ಐದನೆಯದು ಭಾಷೆ. ಈ ತಾಲ್ಲೂಕುಗಳ ಸಂತೆಯಲ್ಲಿ ಕನ್ನಡದ ಜೊತೆ ಉರ್ದು, ಕ್ಯಾಂಪುಗಳಿಂದ ಬರುವವರ ತೆಲುಗು, ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳವರ ಬಂಗಾಳಿ ಎಲ್ಲವೂ ಕಿವಿಗೆ ಬೀಳುತ್ತವೆ. ಲಾಗಿನ್ ಪುಟ ಮಾತ್ರ ಇಂಗ್ಲಿಷಿನಲ್ಲಿರುತ್ತದೆ. ಷರತ್ತುಗಳನ್ನು ಒಪ್ಪಿದ್ದೇನೆ ಎಂಬ ಚೌಕಕ್ಕೆ ಗುರುತು ಹಾಕುವವರಿಗೆ ತಾವು ಏನು ಒಪ್ಪಿದೆವೆಂದು ತಿಳಿಯುವ ಹಕ್ಕಿದೆ.

ಇವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಸಂಶೋಧನೆ ಬೇಕಿಲ್ಲ. 2009ರ ಆದೇಶದಲ್ಲೇ ಇದ್ದ ಗುರುತಿನ ಚೀಟಿಯ ದಾರಿಯನ್ನು ಮತ್ತೆ ತೆರೆದು, ಚೀಟಿ ನೋಡಿ ಕೂಪನ್ ಕೊಡುವ ಅಧಿಕಾರವನ್ನು ಪಿಡಿಒ ಅಂಗಡಿಗೂ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೂ ಕೊಟ್ಟರೆ ಮೊದಲ ಮೂರು ತೊಡಕು ಒಟ್ಟಿಗೆ ಬಿಡುತ್ತವೆ. ಅರಿವು ಕೇಂದ್ರದಲ್ಲಿ ಮೇಲ್ವಿಚಾರಕರಿದ್ದಾರೆ, ಓದುವ ಮಕ್ಕಳಿದ್ದಾರೆ, ಬಹಳ ಕಡೆ ಪಕ್ಕದ ಕಟ್ಟಡದಲ್ಲೇ ಫೈಬರ್ ಇದೆ. ಇನ್ನು ಲಾಗಿನ್ ಪುಟ ಕನ್ನಡದಲ್ಲಿರಲಿ ಎಂಬುದನ್ನು ರಾಜ್ಯ ಸರ್ಕಾರ ತನ್ನ ಹಣ ಹೋಗುವ ಪ್ರತಿ ಹಾಟ್‌ಸ್ಪಾಟ್‌ಗೂ ಷರತ್ತಾಗಿ ಹಾಕಬಹುದು.

ಕೊನೆಯದಾಗಿ, ನಾವು ಅಳೆಯುತ್ತಿರುವುದೇ ತಪ್ಪು. ಎಷ್ಟು ಹಾಟ್‌ಸ್ಪಾಟ್, ಎಷ್ಟು ಡೇಟಾ ಎಂಬ ಲೆಕ್ಕವನ್ನೇ ಸರ್ಕಾರಿ ವರದಿಗಳು ಕೊಡುತ್ತ ಬಂದಿವೆ. ಎಷ್ಟು ಜನ ಲಾಗಿನ್ ಪುಟ ತೆರೆದು ಒಳಗೆ ಹೋಗಲಾಗದೆ ವಾಪಸಾದರು, ಯಾವ ಹಂತದಲ್ಲಿ ಕೈಬಿಟ್ಟರು ಎಂಬ ಮಾಹಿತಿ ಅಗ್ರಿಗೇಟರ್‌ಗಳ ಸರ್ವರಿನಲ್ಲಿ ಉಳಿಯುವಂಥದ್ದೇ. ಅದನ್ನು ಹೆಸರು, ನಂಬರ್ ತೆಗೆದು ತಾಲ್ಲೂಕುವಾರು ಪ್ರಕಟಿಸಬೇಕು. ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಆ ಸಂಖ್ಯೆ ಕಣ್ಣೆದುರು ಬಂದ ಮೇಲೆ ಸಾರ್ವಜನಿಕ ವೈಫೈ ಯಾರಿಗೆ ಬೇಕು ಎಂದು ಯಾರೂ ಕೇಳಲಾರರು.