ಬೀಗದ ಕೈ ಕೇಳಿದವರು

ಸಂಗೀತಕ್ಕೆ ಜಾತಿ ಇಲ್ಲ ಅಂತಾರೆ. ಇರಲಿ. ಆ ಸಂಗೀತ ನಡೆಯೋ ಮಂಟಪದ ಬೀಗದ ಕೈ ಯಾರ ಸೊಂಟದಲ್ಲಿದೆ? ಗೆಳೆಯರೇ, ಚರಿತ್ರೆ ಓದುವ ನಾವು ಮೊದಲು ಕೇಳಬೇಕಾದ ಪ್ರಶ್ನೆ ಇದು. ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ 1939ರಲ್ಲಿ ಕಪ್ಪು ಜನರ ಒಂದು ವಿಶ್ವವಿದ್ಯಾಲಯ ಇದನ್ನೇ ಕೇಳಿತು.

ಅದು ಹೊವರ್ಡ್ ವಿಶ್ವವಿದ್ಯಾಲಯ. ಗುಲಾಮಗಿರಿ ರದ್ದಾಗಿ ಎರಡು ವರ್ಷ ತುಂಬುವ ಮೊದಲೇ, 1867ರಲ್ಲಿ ಹುಟ್ಟಿದ್ದು. ಗುಲಾಮರ ಮಕ್ಕಳು, ಮೊಮ್ಮಕ್ಕಳು ಓದಿ ವಕೀಲರು, ಡಾಕ್ಟರು, ಮೇಷ್ಟ್ರು ಆದ ಜಾಗ. ಅಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಚೇರಿಗಳ ಸರಣಿ ನಡೀತಿತ್ತು. 1936ರಿಂದ ವರ್ಷ ವರ್ಷ ಬಂದು ಹಾಡುತ್ತಿದ್ದವಳು ಮರಿಯನ್ ಆ್ಯಂಡರ್ಸನ್.

1897ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಕಪ್ಪು ಹೆಣ್ಣುಮಗಳು ಆಕೆ. ಅಪ್ಪ ಐಸು, ಕಲ್ಲಿದ್ದಲು ಮಾರುತ್ತಿದ್ದ. ಆಕೆ ಹುಡುಗಿಯಾಗಿದ್ದಾಗಲೇ ಸತ್ತ. ಅವ್ವ ಪರರ ಬಟ್ಟೆ ಒಗೆದು ಸಾಕಿದಳು. ಸಂಗೀತ ಶಾಲೆಯೊಂದು ಮೈಬಣ್ಣ ನೋಡಿ ಬಾಗಿಲಿಂದಲೇ ವಾಪಸು ಕಳಿಸಿತು. ಚರ್ಚಿನ ಜನ ಕಾಸು ಕೂಡಿಸಿ ಪಾಠ ಹೇಳಿಸಿದರು. ಆಮೇಲೆ ಯೂರೋಪು ತಲೆದೂಗಿತು. ಇಂಥ ದನಿ ನೂರು ವರ್ಷಕ್ಕೊಮ್ಮೆ ಕೇಳಸಿಗುವಂಥದು ಎಂದು ಟೊಸ್ಕನೀನಿಯಂಥ ಸಂಗೀತಗಾರ 1935ರಲ್ಲಿ ಹೇಳಿದ.

ಕೇಳುವ ಜನ ಹೆಚ್ಚಾದರು, ಜಾಗ ಸಾಲದಾಯ್ತು. 1939ರ ಜನವರಿಯಲ್ಲಿ ಹೊವರ್ಡ್‌ನವರು ಕಾನ್‌ಸ್ಟಿಟ್ಯೂಷನ್ ಹಾಲ್ ಬಾಡಿಗೆಗೆ ಕೇಳಿದರು. ಅದರ ಒಡೆತನ 'ಅಮೆರಿಕನ್ ಕ್ರಾಂತಿಯ ಹೆಣ್ಣುಮಕ್ಕಳು' ಎಂಬ ಸಂಘದ್ದು. ಆ ದಿನ ಬೇರೆಯವರಿಗೆ ಕೊಟ್ಟಾಗಿದೆ ಅಂದರು. ನಿಜ ಇದ್ದದ್ದು ಕರಾರಿನಲ್ಲಿ: ಬಿಳಿಯ ಕಲಾವಿದರಿಗೆ ಮಾತ್ರ! ಕಟ್ಟಡದ ಹೆಸರು ಸಂವಿಧಾನ, ಸಂಘದ ಹೆಸರು ಕ್ರಾಂತಿ. ಹೆಸರುಗಳನ್ನು ನಂಬಿ ನಾವು ಎಷ್ಟು ಸಲ ಮೋಸ ಹೋಗಿಲ್ಲ?

ಈ ಕಥೆ ಹೇಳುವವರು ಅಧ್ಯಕ್ಷ ರೂಸ್‌ವೆಲ್ಟ್‌ನ ಹೆಂಡತಿ ಎಲಿನಾರ್ ಆ ಸಂಘಕ್ಕೆ ರಾಜೀನಾಮೆ ಕೊಟ್ಟಲ್ಲಿಂದ ಶುರು ಮಾಡುತ್ತಾರೆ. ಆಕೆ ಕೊಟ್ಟದ್ದು ನಿಜ, ಅದು ದೊಡ್ಡ ಮಾತೇ. ಆದರೆ ಅದು ಫೆಬ್ರವರಿ ಕೊನೆಗೆ. ಅಷ್ಟರೊಳಗೆ ವಿಶ್ವವಿದ್ಯಾಲಯದ ಖಜಾಂಚಿ ವಿ.ಡಿ. ಜಾನ್‌ಸ್ಟನ್ ಬಹಿರಂಗ ಪತ್ರ ಬರೆದಿದ್ದ. ವಕೀಲ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಮುಂದಾಳುತನದಲ್ಲಿ ನಾಗರಿಕರ ಸಮಿತಿ ಎದ್ದಿತ್ತು. ಬಿಳಿಯರ ಹೈಸ್ಕೂಲಿನ ಸಭಾಂಗಣವನ್ನೂ ಕೇಳಿಯಾಗಿತ್ತು. ಶಾಲಾ ಮಂಡಳಿ ಮೊದಲು ಆಗೋದಿಲ್ಲ ಅಂತು. ಮಾರ್ಚಿಯಲ್ಲಿ, ಈ ಸಲ ಕೊಡ್ತೀವಿ, ಮುಂದೆ ಇದೇ ರೂಢಿ ಆಗಬಾರದು ಎಂದು ಷರತ್ತು ಹಾಕಿತು. ಹೋರಾಟದವರು ಆ ಷರತ್ತು ಒಪ್ಪಲಿಲ್ಲ. ಭಿಕ್ಷೆಗೂ ಹಕ್ಕಿಗೂ ಇರುವ ವ್ಯತ್ಯಾಸ ಅವರಿಗೆ ಗೊತ್ತಿತ್ತು.

ಕೊನೆಗೆ ಸರ್ಕಾರವೇ ಲಿಂಕನ್ ಸ್ಮಾರಕದ ಬಯಲು ಬಿಟ್ಟುಕೊಡಬೇಕಾಯಿತು. 1922ರಲ್ಲಿ ಅದೇ ಸ್ಮಾರಕದ ಉದ್ಘಾಟನೆಗೆ ಬಂದ ಕಪ್ಪು ಜನರನ್ನು ಬೇರೆ ಕೂರಿಸಿದ್ದರು. ಗುಲಾಮರ ವಿಮೋಚಕನ ಕಾಲಬುಡದಲ್ಲೇ! 1939ರ ಏಪ್ರಿಲ್ 9, ಈಸ್ಟರ್ ಭಾನುವಾರ, ಅಲ್ಲಿ ಸುಮಾರು 75,000 ಜನ ಬಣ್ಣ ಎಣಿಸದೆ ಕಲೆತು ನಿಂತರು. ಮೊದಲು ದೇಶದ ಹಾಡು. ಅದರಲ್ಲಿ 'ನಾನು' ಇದ್ದ ಕಡೆ ಮರಿಯನ್ 'ನಾವು' ಎಂದು ಹಾಡಿದಳು. ಆಮೇಲೆ ಡೋನಿಜೆಟ್ಟಿ, ಶೂಬರ್ಟ್. ಅವರ ಜೊತೆಗೇ, ಅದೇ ಮರ್ಯಾದೆಯಿಂದ, ಗುಲಾಮರು ಕಟ್ಟಿದ ಭಕ್ತಿಪದಗಳು. ರೇಡಿಯೊ ಅದನ್ನು ದೇಶಕ್ಕೆಲ್ಲ ಮುಟ್ಟಿಸಿತು.

ಒಂದು ಕಚೇರಿಯಿಂದ ಲೋಕ ಬದಲಾಗಲಿಲ್ಲ. ಕಾನ್‌ಸ್ಟಿಟ್ಯೂಷನ್ ಹಾಲಿನಲ್ಲಿ ಆಕೆ ಹಾಡಿದ್ದು 1943ರಲ್ಲಿ. ವಾಷಿಂಗ್ಟನ್ ಶಾಲೆಗಳ ಬಣ್ಣದ ಗೋಡೆ ಕಾನೂನಿನಲ್ಲಿ ಬಿದ್ದದ್ದು 1954ರಲ್ಲಿ. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅದೇ ಮೆಟ್ಟಿಲ ಮೇಲೆ ನಿಂತು ಮಾತಾಡಿದಾಗ ಮರಿಯನ್ ಮತ್ತೆ ಅಲ್ಲಿ ಹಾಡಿದಳು.

ಆ ದನಿ ನೂರು ವರ್ಷಕ್ಕೊಮ್ಮೆ ಬರುವಂಥದು, ಸರಿ. ಆದರೆ ಅಷ್ಟು ದೊಡ್ಡ ದನಿಗೂ ಬಾಗಿಲು ತಾನಾಗಿ ತೆರೆಯಲಿಲ್ಲ. ಅರ್ಜಿ ಹಾಕಿದವರು, ಪತ್ರ ಬರೆದವರು, ಸಮಿತಿ ಕಟ್ಟಿದವರು, ಷರತ್ತಿಗೆ ಒಲ್ಲೆ ಎಂದವರು ಇದ್ದರು. ನಾಳೆ ಹಳ್ಳಿ ಶಾಲೆಯಲ್ಲಿ ಈ ಕಥೆ ಹೇಳುವ ಮೇಷ್ಟ್ರು ಆ ಖಜಾಂಚಿಯ ಪತ್ರದಿಂದ ಶುರು ಮಾಡಲಿ.