ಸಿಂಗಳೀಕನ ಪಾಲು

ಕಳಸದಿಂದ ಕಾರ್ಕಳದ ಕಡೆಗೆ ಬಸ್ಸಿನಲ್ಲಿ ಹೋದವರು ಕುದುರೆಮುಖದ ಮಲ್ಲೇಶ್ವರವನ್ನು ನೋಡಿರುತ್ತೀರಿ. ಸಾಲು ಸಾಲು ಕ್ವಾರ್ಟರ್ಸು, ಬಾಗಿಲು ಮುಚ್ಚಿದ ಮನೆಗಳು, ಪಾಚಿಗಟ್ಟಿದ ಗೋಡೆಗಳು. ಒಂದು ಕಾಲಕ್ಕೆ ಶಾಲೆ, ಆಸ್ಪತ್ರೆ, ಬ್ಯಾಂಕು ಎಲ್ಲವೂ ಇದ್ದ ಊರು. ಇಲ್ಲಿ ಸಂಸಾರ ಹೂಡಿದ ಹೆಂಗಸರು ಗಂಟುಮೂಟೆ ಕಟ್ಟುವಾಗ ಏನೆಂದುಕೊಂಡರೋ!

1969ರಲ್ಲಿ ಈ ಬೆಟ್ಟಗಳ ಗಣಿ ಗುತ್ತಿಗೆಯನ್ನು 30 ವರ್ಷಕ್ಕೆ ಕೊಟ್ಟಾಗ 1972ರ ವನ್ಯಜೀವಿ ಕಾಯಿದೆಯಾಗಲಿ 1980ರ ಅರಣ್ಯ ಕಾಯಿದೆಯಾಗಲಿ ಇರಲಿಲ್ಲ. ಲೆಕ್ಕಕ್ಕೆ ಬಂದದ್ದು ಕಬ್ಬಿಣ ಮಾತ್ರ. 1975ರಲ್ಲಿ ಇರಾನಿನ ಷಾ ಸರ್ಕಾರ ಸಾಲ ಕೊಟ್ಟು ಅದಿರು ಕೊಳ್ಳಲು ಒಪ್ಪಿತು. ಮರುವರ್ಷ ಕಂಪನಿ ಹುಟ್ಟಿತು. 1979ರಲ್ಲಿ ಷಾ ದೇಶ ಬಿಟ್ಟ. ಮದುವೆ ಚಪ್ಪರ ಹಾಕಿದ ಮೇಲೆ ಗಂಡು ಓಡಿಹೋದಂತಾಯಿತು! ಹೇಗೋ ಬೇರೆ ಗಿರಾಕಿಗಳು ಸಿಕ್ಕರು. ಅದಿರು ಕಡಿಮೆ ದರ್ಜೆಯದು. ಅಗೆದದ್ದರಲ್ಲಿ ಹೆಚ್ಚಿನ ಪಾಲು ಕೆಸರು. ಅದನ್ನು ತಡೆಹಿಡಿಯಲು ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಿದರು. ಆದರೂ ಮಳೆಗಾಲದಲ್ಲಿ ಗಣಿಯ ಹೂಳು ಭದ್ರೆಗೆ ಇಳಿಯುವುದು ತಪ್ಪಲಿಲ್ಲ.

ತುಂಟ ಮಕ್ಕಳನ್ನು ನಾವು ಸಿಂಗಳೀಕ ಎಂದು ಬೈಯುತ್ತೇವೆ. ನಿಜವಾದ ಸಿಂಗಳೀಕ ಬಹಳ ಸಂಕೋಚದ ಪ್ರಾಣಿ. ಜಗತ್ತಿನಲ್ಲಿ ಪಶ್ಚಿಮಘಟ್ಟ ಬಿಟ್ಟರೆ ಅದಕ್ಕೆ ಬೇರೆ ಕಾಡಿಲ್ಲ. ಮರದಿಂದ ಮರಕ್ಕೆ ದಾಟುತ್ತಲೇ ಬದುಕುತ್ತದೆ, ನೆಲಕ್ಕಿಳಿಯುವುದು ಅಪರೂಪ. ನಡುವೆ ಮರಗಳ ಸಾಲು ಕಡಿದರೆ ಅದರ ದಾರಿಯೇ ಕಡಿದಂತೆ. 1980ರ ದಶಕದಲ್ಲಿ ಉಲ್ಲಾಸ ಕಾರಂತರು ಇವುಗಳ ಸಮೀಕ್ಷೆ ಮಾಡಿದರು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು.

1999ರಲ್ಲಿ ಗುತ್ತಿಗೆ ಮುಗಿದಾಗ ಕಂಪನಿ ಇನ್ನೂ 20 ವರ್ಷ ಕೇಳಿತು. ಈ ಸಲ ಲೆಕ್ಕ ಅಷ್ಟು ಸುಲಭವಾಗಲಿಲ್ಲ. ಕಬ್ಬಿಣದ ಎದುರು ಕಾಡೂ ಹೊಳೆಯೂ ಸಿಂಗಳೀಕವೂ ಇದ್ದವು. ಕಬ್ಬಿಣದ ಕಡೆಗೆ ನೂರಾರು ಮನೆಗಳ ಅನ್ನವಿತ್ತು. ಅದನ್ನು ಮರೆತು ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು: ಈಗಾಗಲೇ ಅಗೆದ ಜಾಗದಲ್ಲಿ ಮಾತ್ರ, ಅದೂ 2005ರ ಕೊನೆಯವರೆಗೆ. ತಕ್ಷಣ ಬೀಗ ಹಾಕದೆ ಕೊಟ್ಟ ಆ ಮೂರು ವರ್ಷ ನನಗೆ ನ್ಯಾಯವೆನಿಸುತ್ತದೆ. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ಕಂಪನಿ ನಿಲ್ಲಲಿಲ್ಲ. ಮಂಗಳೂರಿನ ಕಾರ್ಖಾನೆಗೆ ಛತ್ತೀಸಗಡದ ಬೈಲಾದಿಲಾ ಬೆಟ್ಟಗಳಿಂದ ಅದಿರು ಬಂತು. 2024ರಲ್ಲಿ ಸಂಡೂರಿನ ದೇವದಾರಿ ಬೆಟ್ಟವನ್ನು ಅಗೆಯುವ ಅದರ ಯೋಜನೆಯ ಮೇಲೆ ಮತ್ತೆ ಅದೇ ವಾದ ಶುರುವಾಯಿತು.