ಕಾಣದ ಗಾಯಕ್ಕೆ ಕೊಡಗೆ

ಕೃಷ್ಣಾ, ತುಂಗಭದ್ರೆಗಳ ನಡುವಣ ರಾಯಚೂರು ಸೀಮೆ ಕನ್ನಡನಾಡಿನ ಹಳೆಯ ರಣಭೂಮಿ. ವಿಜಯನಗರದ ಅರಸರು ಒಂದು ಕಡೆ, ಬಹಮನಿ ಸುಲ್ತಾನರು ಮತ್ತು ಅವರ ನಂತರ ಬಿಜಾಪುರದ ಆದಿಲಶಾಹಿಗಳು ಇನ್ನೊಂದು ಕಡೆ ನಿಂತು ಈ ನೆಲಕ್ಕಾಗಿ ತಲೆಮಾರುಗಳ ಕಾಲ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದ ಬಗೆಯನ್ನು ಪೋರ್ಚುಗೀಸ್ ವರ್ತಕ ನೂನಿಜ್ ವಿವರವಾಗಿ ಬರೆದಿಟ್ಟಿದ್ದಾನೆ. ದೇವದುರ್ಗವೂ ಬೇಡ ನಾಯಕರ ಆಳ್ವಿಕೆ ಕಂಡ ಕೋಟೆಯ ಊರು.

ಕಾದು ಮಡಿದವನ ಋಣ ತೀರಿಸುವ ಪದ್ಧತಿ ಕನ್ನಡಿಗರಲ್ಲಿ ಬಹು ಹಿಂದಿನಿಂದಲೂ ಇದೆ. ಸತ್ತವನಿಗೆ ವೀರಗಲ್ಲು, ಅವನ ಮನೆಯವರಿಗೆ ‘ನೆತ್ತರುಗೊಡಗೆ’ ಎಂಬ ಭೂಮಿ. ಪರಾಕ್ರಮ ಮೆಚ್ಚಿ ಕತ್ತಿ ತೊಳೆದು ಕೊಡುತ್ತಿದ್ದ ದತ್ತಿಗೆ ‘ಬಾಳ್ಗಳ್ಚು’ ಎಂದು ಹೆಸರು. ಆದರೆ ಈ ಕೊಡುಗೆಗಳೆಲ್ಲ ಕಣ್ಣಿಗೆ ಕಂಡ ನೆತ್ತರಿಗೆ, ಕಣ್ಣಿಗೆ ಕಂಡ ಸಾಹಸಕ್ಕೆ ಸಂದವು. ಮೈ ಸುಖವಾಗಿ ಮರಳಿ ಬಂದು, ರಾತ್ರಿ ನಿದ್ದೆಯಿಲ್ಲದೆ ಬೆಚ್ಚಿ ಬೀಳುವವನಿಗೆ ಕಲ್ಲೂ ಇಲ್ಲ, ಹೊಲವೂ ಇಲ್ಲ. ಊರಿನ ಬಾಯಲ್ಲಿ ಅದು ಗಾಳಿ ಸೋಂಕು. ಮದ್ದು ಗುಡಿಯಲ್ಲೋ ದರ್ಗಾದಲ್ಲೋ.

ಮನಸ್ಸಿಗೂ ಯುದ್ಧದ ಗಾಯವಾಗುತ್ತದೆ ಎಂಬುದನ್ನು ಲೋಕ ಒಪ್ಪಿಕೊಂಡದ್ದು ತಡವಾಗಿ. ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯ ‘ಶೆಲ್ ಶಾಕ್’ ಎಂಬ ಮಾತನ್ನು ವೈದ್ಯಕೀಯ ಬರಹಕ್ಕೆ ತಂದ. ರಾಯಚೂರು ಆಗ ಸೇರಿದ್ದ ನಿಜಾಮರ ಸಂಸ್ಥಾನದ ಅಶ್ವದಳವೂ ಮೈಸೂರು, ಜೋಧಪುರದ ದಳಗಳೊಡನೆ ಅದೇ ಯುದ್ಧದಲ್ಲಿ ಪ್ಯಾಲೆಸ್ಟೈನ್‌ವರೆಗೆ ಹೋಗಿತ್ತು. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಪಾಡನ್ನು ಕಂಡ ಮೇಲೆ, 1980ರಲ್ಲಿ, ಅಮೆರಿಕದ ಮನೋವೈದ್ಯರು ಆಘಾತೋತ್ತರ ಒತ್ತಡದ ಕಾಯಿಲೆಗೆ ತಮ್ಮ ಪಟ್ಟಿಯಲ್ಲಿ ಜಾಗ ಕೊಟ್ಟರು.

ಹೆಸರಿನ ಪ್ರಶ್ನೆ ಬರಿಯ ವೈದ್ಯಶಾಸ್ತ್ರದ್ದಲ್ಲ, ಅನ್ನದ್ದೂ ಹೌದು. ಭಾರತೀಯ ಸೇನೆಯಲ್ಲಿ ಕಾಯಿಲೆಯ ಕಾರಣಕ್ಕೆ ಬಿಡುಗಡೆಯಾಗುವ ಸಿಪಾಯಿಯನ್ನು ವೈದ್ಯಕೀಯ ಮಂಡಳಿ ಪರೀಕ್ಷಿಸುತ್ತದೆ. ಮಂಡಳಿ ಹೇಳಬೇಕಾದುದು ಮೂರು ಸಂಗತಿ: ಕಾಯಿಲೆ ಯಾವುದು, ಅದು ಸೇವೆಯಿಂದ ಬಂದುದೇ ಅಥವಾ ಸೇವೆಯಿಂದ ಉಲ್ಬಣಗೊಂಡುದೇ, ವೈಕಲ್ಯ ಶೇಕಡ ಎಷ್ಟು. ಸೇವೆಯ ನಂಟು ಸಿದ್ಧವಾಗಿ, ವೈಕಲ್ಯ ಶೇ 20 ಮುಟ್ಟಿದರೆ ಪಿಂಚಣಿ ಎಂಬುದು 1961ರ ಸೇನಾ ಪಿಂಚಣಿ ನಿಯಮದ ಮಾತು. ಹೀಗೆ ಬಿಡುಗಡೆಯಾದವರ ವೈಕಲ್ಯ ಶೇ 50ಕ್ಕಿಂತ ಕಡಿಮೆಯಿದ್ದರೂ ಲೆಕ್ಕಕ್ಕೆ 50 ಎಂದೇ ಹಿಡಿಯುವ ಕ್ರಮ 1996ರಿಂದ ಅನ್ವಯವಾಯಿತು.

1982ರ ನಿಯಮಾವಳಿ ಸಿಪಾಯಿಯ ಪರವಾಗಿ ಉದಾರವಾಗಿಯೇ ಇತ್ತು. ಭರ್ತಿಯ ವೇಳೆ ದಾಖಲೆಯಲ್ಲಿ ಕಾಯಿಲೆಯ ಟಿಪ್ಪಣಿ ಇಲ್ಲದಿದ್ದರೆ ಅವನು ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕು. ಸಂಶಯದ ಲಾಭ ಅವನಿಗೇ ಸಲ್ಲಬೇಕು. ಆದರೆ ಸ್ಕಿಜೋಫ್ರೇನಿಯಾದಂಥ ಕಾಯಿಲೆ ಬಂದಾಗ ‘ಇದು ಹುಟ್ಟುಗುಣ, ಸೇವೆಗೆ ಸಂಬಂಧವಿಲ್ಲ’ ಎಂಬ ಒಂದು ಸಾಲಿನಲ್ಲಿ ಅರ್ಜಿ ಬಿದ್ದುಹೋಗುವುದುಂಟು. ಆ ಸಾಲು ತಪ್ಪಾದರೆ ಇಡೀ ಸಂಸಾರವೇ ದಂಡ ತೆರಬೇಕು.

2013ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದೇ ಪ್ರಕರಣ ಬಂತು. 1972ರಲ್ಲಿ ಸೇನೆ ಸೇರಿದ್ದ ಸಿಪಾಯಿಯೊಬ್ಬನನ್ನು 1977ರಲ್ಲಿ ಸ್ಕಿಜೋಫ್ರೇನಿಯಾದ ಹೆಸರಿನಲ್ಲಿ ಮನೆಗೆ ಕಳಿಸಲಾಗಿತ್ತು. ನ್ಯಾಯಾಲಯ ವೈದ್ಯಶಾಸ್ತ್ರದ ಗ್ರಂಥಗಳನ್ನೇ ತೆರೆದು, ಮನೋವೈದ್ಯರ ಟಿಪ್ಪಣಿಗೂ ರೋಗದ ಹೆಸರಿಗೂ ತಾಳೆಯಾಗುವುದಿಲ್ಲ, ಚಿಕಿತ್ಸೆಯಿಂದ ಸುಧಾರಿಸಿದ್ದಾನೆ ಎಂದೂ ಅದೇ ಟಿಪ್ಪಣಿ ಹೇಳುತ್ತದೆ ಎಂದು ಗುರುತಿಸಿ, ಹೊಸದಾಗಿ ಪರೀಕ್ಷೆ ನಡೆಸಲು ಆದೇಶಿಸಿತು. ಮೂವತ್ತಾರು ವರ್ಷಗಳ ಮೇಲೆ! 2019ರ ಇನ್ನೊಂದು ಪ್ರಕರಣದಲ್ಲಿ ಅದೇ ನ್ಯಾಯಾಲಯ, ಮನೋರೋಗ ಭರ್ತಿಯ ವೇಳೆ ಪತ್ತೆಯಾಗದೆ ಇರಬಹುದು ಎಂದು ಮಂಡಳಿಯ ಅಭಿಪ್ರಾಯವನ್ನು ಎತ್ತಿಹಿಡಿದು ಪಿಂಚಣಿ ನಿರಾಕರಿಸಿತು. 2025ರಲ್ಲಿ ಮತ್ತೆ, ಕಾರಣ ಕೊಡದ ಮಂಡಳಿಯ ಅಭಿಪ್ರಾಯ ನಿಲ್ಲದು ಎಂದಿತು. ಒಟ್ಟು ತಾತ್ಪರ್ಯ ಇಷ್ಟು: ಕಾಗದದ ಮೇಲಿರುವ ಕಾರಣವೇ ಸಿಪಾಯಿಯ ಬಲ, ಕಾಗದವಿಲ್ಲದಿರುವುದೇ ಅವನ ದೌರ್ಬಲ್ಯ.

ರಾಯಚೂರಿನಂಥ ಜಿಲ್ಲೆಗೆ ತೊಡಕಾಗುವುದು ಇಲ್ಲಿಯೇ. ಇದು ಕೊಡಗಿನಂತೆ ಮನೆಮನೆಯಲ್ಲೂ ಸೈನಿಕರಿರುವ ಸೀಮೆಯಲ್ಲ. ಮಾನ್ವಿಯ ಹಳ್ಳಿಗೆ ಮರಳಿದ ಜವಾನನಿಗೆ ಅರ್ಜಿಯ ದಾರಿ ತೋರುವ ಹಿರಿಯರು ನೆರೆಯಲ್ಲಿ ಸಿಗುವುದು ಕಷ್ಟ. ಸೇವೆಯಲ್ಲಿದ್ದಾಗ ಬಡ್ತಿ ತಪ್ಪೀತೆಂದು, ಊರಿನಲ್ಲಿ ಮರ್ಯಾದೆ ಹೋದೀತೆಂದು ಕಾಯಿಲೆ ಮುಚ್ಚಿಟ್ಟವನ ಬಳಿ ಚೀಟಿಯೊಂದೂ ಉಳಿಯದು. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ಕರ್ನಾಟಕವಿರುವುದು ದೂರದ ಕೊಚ್ಚಿ ಪೀಠದ ವ್ಯಾಪ್ತಿಯಲ್ಲಿ. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಇರುವುದು ಸುಮಾರು 400 ಕಿಲೋಮೀಟರ್ ಆಚೆ, ಬೆಂಗಳೂರಿನಲ್ಲಿ.

ಹಾಗೆಂದು ದಾರಿ ತೋರಿದ ಪ್ರಯೋಗ ದೂರದಲ್ಲೇನೂ ನಡೆದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್, ತುಂಗಭದ್ರೆಯ ಆಚೆ ದಡದ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವ ತರಬೇತಿ ಕೊಟ್ಟಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ‘ಬಳ್ಳಾರಿ ಮಾದರಿ’ಯೇ ಆಧಾರ. ರೋಗನಿರ್ಣಯವು ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಂಥ ಮಾನ್ಯ ಮಾನದಂಡಕ್ಕೆ ಹೊಂದಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳುತ್ತದೆ.

ದೇವದುರ್ಗದ ಆಸ್ಪತ್ರೆಯ ಹೊರರೋಗಿ ಚೀಟಿಯಲ್ಲಿ ವೈದ್ಯರು ದಿನಾಂಕ ಹಾಕಿ, ಲಕ್ಷಣಗಳನ್ನು ಬಿಡಿಸಿ ಬರೆದ ನಾಲ್ಕು ಸಾಲು ಮುಂದೆಂದೋ ಮಂಡಳಿಯ ಒಂದು ಸಾಲಿಗೆ ಉತ್ತರವಾದೀತು. ಹಿಂದೆ ಕೊಡಗೆಗೆ ಕಲ್ಲು ಸಾಕ್ಷಿಯಾಗಿತ್ತು. ಇಂದು ಆ ಚೀಟಿಯೇ ಸಾಕ್ಷಿ.